ಜೇಬಿನೊಳಗಿನ ಗೋಮಾಳ

ನಿಮ್ಮ ಜೇಬಿನಲ್ಲಿರುವುದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಒಂದು ಸಣ್ಣ ಕೆಲಸ ಮಾಡಿ ನೋಡಿ. ಸೆಟ್ಟಿಂಗ್ಸ್‌ಗೆ ಹೋಗಿ, ಫೋನಿನ ಬಗೆಗಿನ ವಿವರಗಳಿರುವ ಪುಟವನ್ನು ತೆರೆದು, ಕಾನೂನು ಮಾಹಿತಿ ಎಂದಿರುವ ಕಡೆ ಬೆರಳಿಡಿ. ಪರವಾನಗಿಗಳ ಉದ್ದನೆಯ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಬೆರಳಿನಿಂದ ತಳ್ಳುತ್ತ ಹೋದರೆ ಮುಗಿಯುವುದೇ ಇಲ್ಲ. ನೂರಾರು ತಂತ್ರಾಂಶಗಳ ಹೆಸರು, ಅವುಗಳನ್ನು ಬರೆದವರ ಹೆಸರು, ಸಣ್ಣ ಅಕ್ಷರಗಳಲ್ಲಿ ಪುಟಗಟ್ಟಲೆ ಕಾನೂನಿನ ಇಂಗ್ಲಿಷ್. ಅದನ್ನು ಓದಿದವರನ್ನು ನಾನಂತೂ ಕಂಡಿಲ್ಲ. ಆದರೆ ಅದರೊಳಗೆ ಎಲ್ಲೋ ಒಂದು ಕಡೆ ಅಚ್ಚರಿಯ ಮಾತಿದೆ. ಈ ತಂತ್ರಾಂಶವನ್ನು ನೀವು ನಕಲು ಮಾಡಬಹುದು, ಹಂಚಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು ಎಂಬ ಅರ್ಥದ ಮಾತು ಅದು.

ತಿದ್ದಬಹುದೇ? ಫೋನು ಕೊಂಡಾಗಲೇ ಅಂಟಿಕೊಂಡು ಬಂದ, ನಮಗೆ ಬೇಡವಾದ ಆ್ಯಪ್ ಒಂದನ್ನು ಪೂರ್ತಿಯಾಗಿ ಕಿತ್ತುಹಾಕಲಿಕ್ಕೂ ಆಗದ ಯಂತ್ರ ಇದು. ಎರಡು ಮೂರು ವರ್ಷ ಕಳೆದ ಮೇಲೆ ಕಂಪನಿ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸಿದರೆ ತೆಪ್ಪಗೆ ಇನ್ನೊಂದು ಕೊಳ್ಳಬೇಕು. ಕಾಗದದ ಮೇಲೆ ಇರುವ ಹಕ್ಕಿಗೂ ಕೈಯಲ್ಲಿರುವ ವಸ್ತುವಿಗೂ ನಡುವೆ ಇಷ್ಟು ದೂರ ಹೇಗೆ ಬಂತು ಎಂಬುದು ಸುಮಾರು ನಲವತ್ತೈದು ವರ್ಷಗಳ ಕಥೆ.

ಅದು ಶುರುವಾಗುವುದು ಒಂದು ಮುದ್ರಣಯಂತ್ರದಿಂದ. 1980ರ ಸುಮಾರಿಗೆ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಅದಕ್ಕೆ ಮೊದಲಿದ್ದ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿದ್ದ ಎಲ್ಲರ ಗಣಕಗಳಿಗೂ ಸುದ್ದಿ ಹೋಗುವಂತೆ ರಿಚರ್ಡ್ ಸ್ಟಾಲ್‌ಮನ್ ಎಂಬ ಯುವಕ ತಂತ್ರಾಂಶವನ್ನು ತಿದ್ದಿದ್ದ. ಹೊಸ ಯಂತ್ರಕ್ಕೂ ಹಾಗೆಯೇ ಮಾಡೋಣವೆಂದರೆ ಅದರ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಆಕರ ಸಂಕೇತ, ಜೊತೆಗೆ ಬಂದಿರಲೇ ಇಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅದನ್ನು ಇಟ್ಟುಕೊಂಡಿದ್ದ ಸಂಶೋಧಕರೊಬ್ಬರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಬರೆದುಕೊಟ್ಟಿದ್ದೇನೆ ಎಂಬ ಉತ್ತರ ಬಂತು. ಮೈಸೂರುಪಾಕು ತಿನ್ನುವವನಿಗೆ ಪಾಕದ ಹದ ಗೊತ್ತಿರಬೇಕಾಗಿಲ್ಲ, ನಿಜ. ಆದರೆ ಅಡುಗೆಮನೆಯಲ್ಲೇ ಇರುವವನಿಗೆ ಅದನ್ನು ಹೇಳಲಾರೆ ಎಂದರೆ? ಸ್ಟಾಲ್‌ಮನ್ ಈ ಅವಮಾನವನ್ನು ಮರೆಯಲಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದರು.

ಇಂಗ್ಲಿಷಿನ 'ಫ್ರೀ' ಎಂಬ ಪದ ಅವರಿಗೆ ಜೀವನವಿಡೀ ತೊಂದರೆ ಕೊಟ್ಟಿದೆ. ಬಿಟ್ಟಿ ಎಂಬ ಅರ್ಥವೂ ಅದಕ್ಕೇ, ಬಿಡುಗಡೆ ಎಂಬ ಅರ್ಥವೂ ಅದಕ್ಕೇ. ನಮಗೆ ಆ ಕಷ್ಟವಿಲ್ಲ. ಉಚಿತ ಬೇರೆ, ಸ್ವತಂತ್ರ ಬೇರೆ. ಸ್ವತಂತ್ರ ತಂತ್ರಾಂಶ ಎಂದರೆ ಬಳಸುವ, ಬಗೆದು ನೋಡುವ, ತಿದ್ದುವ, ಹಂಚುವ ಸ್ವಾತಂತ್ರ್ಯವಿರುವ ತಂತ್ರಾಂಶ. ಹಣ ಕೊಟ್ಟು ಕೊಂಡರೂ ಅದು ಸ್ವತಂತ್ರವೇ. ಉಚಿತವಾಗಿ ಸಿಗುವ ಎಷ್ಟೋ ಆ್ಯಪ್‌ಗಳು ಸ್ವತಂತ್ರವಲ್ಲ.

ಸ್ಟಾಲ್‌ಮನ್ ಮಾಡಿದ ದೊಡ್ಡ ಕೆಲಸ ಒಂದು ಕಾನೂನಿನ ಉಪಾಯ. 1989ರಲ್ಲಿ ಮೊದಲ ಬಾರಿಗೆ, 1991ರಲ್ಲಿ ಎರಡನೆಯ ಆವೃತ್ತಿಯಾಗಿ ಬಂದ ಜಿಪಿಎಲ್ ಎಂಬ ಪರವಾನಗಿ ಅದು. ಹಳ್ಳಿಯ ಗೋಮಾಳವನ್ನು ನೆನೆಸಿಕೊಳ್ಳಿ. ಯಾರ ದನವಾದರೂ ಮೇಯಬಹುದು. ಆದರೆ ಮೇಯಿಸಿದೆನೆಂದು ಯಾರೂ ಅದರ ಒಂದು ಮೂಲೆಗೆ ಬೇಲಿ ಹಾಕಿ ತನ್ನದು ಎನ್ನುವಂತಿಲ್ಲ. ಜಿಪಿಎಲ್ ಹೇಳುವುದೂ ಇಷ್ಟೇ. ಈ ತಂತ್ರಾಂಶವನ್ನು ತೆಗೆದುಕೊಳ್ಳಿ, ತಿದ್ದಿ, ಮಾರಿ. ಆದರೆ ನೀವು ಯಾರಿಗೆ ಕೊಡುತ್ತೀರೋ ಅವರಿಗೆ ನಿಮ್ಮ ತಿದ್ದುಪಡಿಯ ಆಕರ ಸಂಕೇತವನ್ನೂ ಇದೇ ಹಕ್ಕುಗಳ ಸಮೇತ ಕೊಡಬೇಕು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ತಿರುಳು 1992ರಲ್ಲಿ ಈ ಪರವಾನಗಿಯ ಕೆಳಗೆ ಬಂತು. ಅಲ್ಲಿಂದ ಮುಂದಿನದು ಗೊತ್ತಿರುವ ಕಥೆ. ಇಂದು ಜಗತ್ತಿನ ಸರ್ವರ್‌ಗಳು, ಸೂಪರ್ ಕಂಪ್ಯೂಟರ್‌ಗಳು, ಮನೆಯ ವೈಫೈ ಪೆಟ್ಟಿಗೆಗಳು, ಆಂಡ್ರಾಯ್ಡ್ ಫೋನುಗಳು ಬಹುಪಾಲು ಅದರ ಮೇಲೆಯೇ ನಡೆಯುತ್ತವೆ.

ಗೋಮಾಳಕ್ಕೆ ಬೇಲಿ ಹಾಕುವಂತಿಲ್ಲ. ಆದರೆ ಗೋಮಾಳಕ್ಕೆ ಹೋಗುವ ದಾರಿಗೆ ಗೇಟು ಹಾಕಬಹುದಲ್ಲ!

ಇದನ್ನು ಮೊದಲು ತೋರಿಸಿಕೊಟ್ಟದ್ದು ಫೋನಲ್ಲ, ಟೀವಿಯ ಪಕ್ಕದಲ್ಲಿ ಇಡುವ ಒಂದು ಪೆಟ್ಟಿಗೆ. 1999ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಟೀವೋ ಎಂಬ ಈ ಪೆಟ್ಟಿಗೆ ಟೀವಿ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುತ್ತಿತ್ತು. ಒಳಗೆ ಲಿನಕ್ಸ್. ಕಂಪನಿ ನಿಯಮದಂತೆ ಆಕರ ಸಂಕೇತವನ್ನು ಹಂಚಿತು. ಆದರೆ ಅದನ್ನು ತಿದ್ದಿ ಪೆಟ್ಟಿಗೆಗೆ ತುಂಬಿದರೆ ಪೆಟ್ಟಿಗೆ ಓಡುತ್ತಿರಲಿಲ್ಲ. ಕಂಪನಿಯ ಡಿಜಿಟಲ್ ರುಜು ಇಲ್ಲದ ತಂತ್ರಾಂಶವನ್ನು ಯಂತ್ರವೇ ನಿರಾಕರಿಸುತ್ತಿತ್ತು. ಕಾನೂನಿನ ಅಕ್ಷರ ಪಾಲನೆಯಾಯಿತು, ಆಶಯ ಸತ್ತಿತು. ಸ್ಟಾಲ್‌ಮನ್ ಇದಕ್ಕೆ 'ಟೀವೋಕರಣ' ಎಂದು ಹೆಸರಿಟ್ಟು, ಅದನ್ನು ತಡೆಯಲೆಂದೇ ಜಿಪಿಎಲ್‌ನ ಮೂರನೆಯ ಆವೃತ್ತಿಯನ್ನು ಬರೆಯಲು ಹೊರಟರು. ಕರಡಿನ ಬಗ್ಗೆ ಲೋಕದ ನಾಲ್ಕಾರು ಕಡೆ ಸಭೆಗಳು ನಡೆದವು. ಅವುಗಳಲ್ಲಿ ನಾಲ್ಕನೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, 2006ರ ಆಗಸ್ಟ್ 23 ಮತ್ತು 24ರಂದು. ಸ್ಟಾಲ್‌ಮನ್ ಸ್ವತಃ ಬಂದು ಮಾತನಾಡಿದರು. ನಾವು ಕೊಂಡ ಯಂತ್ರ ನಮ್ಮ ಮಾತು ಕೇಳಬೇಕೋ, ಮಾರಿದವನ ಮಾತು ಕೇಳಬೇಕೋ ಎಂಬ ಪ್ರಶ್ನೆ ನಮ್ಮೂರಿನ ಸಭಾಂಗಣದಲ್ಲಿ ಚರ್ಚೆಯಾದಾಗ ನಮ್ಮಲ್ಲಿ ಬಹುಮಂದಿಯ ಕೈಯಲ್ಲಿ ಇದ್ದದ್ದು ಗುಂಡಿ ಒತ್ತುವ ನೋಕಿಯಾ.

ಆ ಮೂರನೆಯ ಆವೃತ್ತಿ ಹೊರಬಂದದ್ದು 2007ರ ಜೂನ್ 29ರಂದು. ಅದೇ ದಿನ ಅಮೆರಿಕದ ಅಂಗಡಿಗಳಲ್ಲಿ ಇನ್ನೊಂದು ವಸ್ತು ಮಾರಾಟಕ್ಕೆ ಬಂತು. ಅದರ ಹೆಸರು ಐಫೋನ್. ಇತಿಹಾಸ ಕೆಲವೊಮ್ಮೆ ಕಾದಂಬರಿಕಾರರೂ ಬರೆಯಲು ನಾಚುವಂಥ ಕಾಕತಾಳೀಯಗಳನ್ನು ಒದಗಿಸುತ್ತದೆ.

ಐಫೋನಿನಲ್ಲಿ ಮುಚ್ಚುಮರೆ ಇರಲಿಲ್ಲ. ಅಂದರೆ, ಬಾಗಿಲು ಮುಚ್ಚಿದೆ ಎಂಬುದರಲ್ಲಿ ಮುಚ್ಚುಮರೆ ಇರಲಿಲ್ಲ. 2008ರಲ್ಲಿ ಆಪ್ ಸ್ಟೋರ್ ಬಂದ ಮೇಲೆ ಆ್ಯಪ್ ಬೇಕೆಂದರೆ ಅಲ್ಲಿಂದಲೇ ತೆಗೆದುಕೊಳ್ಳಬೇಕು ಎಂಬುದು ನಿಯಮ. ಜನಪ್ರಿಯ ವೀಡಿಯೋ ತಂತ್ರಾಂಶ ವಿಎಲ್‌ಸಿಯನ್ನು 2011ರ ಜನವರಿಯಲ್ಲಿ ಆ ಅಂಗಡಿಯಿಂದ ತೆಗೆಯಲಾಯಿತು. ಅಂಗಡಿಯ ನಿಬಂಧನೆಗಳು ಜಿಪಿಎಲ್‌ಗೆ ವಿರುದ್ಧವಾಗಿವೆ ಎಂದು ಅದನ್ನು ಬರೆದವರಲ್ಲೇ ಒಬ್ಬರು ಆಕ್ಷೇಪಿಸಿದ್ದರು. ಪರವಾನಗಿ ಬದಲಿಸಿದ ಮೇಲೆ, 2013ರಲ್ಲಿ, ಅದು ಮರಳಿತು. ಐಫೋನಿನ ಕಥೆ ಇಷ್ಟಕ್ಕೇ ಸಾಕು. ಸ್ವತಂತ್ರ ಎಂದು ಅದು ಎಂದೂ ಹೇಳಿಕೊಂಡಿರಲಿಲ್ಲ.

ಹೇಳಿಕೊಂಡದ್ದು ಆಂಡ್ರಾಯ್ಡ್.

ತೆರೆದ ಬಾಗಿಲು

ಆಂಡಿ ರೂಬಿನ್ ಮತ್ತು ಮೂವರು ಜೊತೆಗಾರರು 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಆಂಡ್ರಾಯ್ಡ್ ಎಂಬ ಪುಟ್ಟ ಕಂಪನಿಯನ್ನು ಗೂಗಲ್ 2005ರಲ್ಲಿ ಕೊಂಡುಕೊಂಡಿತು. 2007ರ ನವೆಂಬರ್ 5ರಂದು 34 ಕಂಪನಿಗಳ ಒಕ್ಕೂಟವೊಂದು ಘೋಷಣೆಯಾಯಿತು: ಮುಕ್ತ ಮೊಬೈಲ್ ವೇದಿಕೆಯೊಂದನ್ನು ಎಲ್ಲರೂ ಸೇರಿ ಕಟ್ಟುತ್ತೇವೆ, ಯಾರು ಬೇಕಾದರೂ ಬಳಸಿಕೊಳ್ಳಬಹುದು. 2008ರ ಅಕ್ಟೋಬರ್‌ನಲ್ಲಿ ಮೊದಲ ಫೋನು ಬಂತು, ಆಕರ ಸಂಕೇತವೂ ಹೊರಬಂತು.

ಇಲ್ಲಿ ಒಂದು ಸೂಕ್ಷ್ಮವಿದೆ. ಆಂಡ್ರಾಯ್ಡಿನ ತಿರುಳು ಲಿನಕ್ಸ್. ಅದು ಜಿಪಿಎಲ್‌ನ ಎರಡನೆಯ ಆವೃತ್ತಿಯಲ್ಲೇ ಉಳಿದಿತ್ತು. ಮೂರನೆಯದು ಟೊರ್ವಾಲ್ಡ್ಸ್‌ಗೆ ಒಪ್ಪಿಗೆಯಾಗಲಿಲ್ಲ. ತಂತ್ರಾಂಶ ಬರೆಯುವವನು ಯಂತ್ರ ಮಾಡುವವನಿಗೆ ಅಪ್ಪಣೆ ಕೊಡಬಾರದು ಎಂಬುದು ಅವರ ನಿಲುವು. ಅದರಲ್ಲಿ ಹುರುಳಿಲ್ಲವೆನ್ನಲಾರೆ, ಆದರೆ ಅದರ ಬೆಲೆಯನ್ನು ತೆತ್ತವರು ಫೋನು ಕೊಂಡವರು. ಇನ್ನು ತಿರುಳಿನ ಮೇಲಿನ ಪದರಗಳಿಗೆ ಗೂಗಲ್ ಆರಿಸಿಕೊಂಡದ್ದು ಅಪಾಚೆ ಎಂಬ ಪರವಾನಗಿ. ಅದೂ ಸ್ವತಂತ್ರ ತಂತ್ರಾಂಶದ ಪರವಾನಗಿಯೇ. ಆದರೆ ತಿದ್ದಿದ್ದನ್ನು ಮರಳಿ ಕೊಡಬೇಕೆಂಬ ಕಟ್ಟಳೆ ಅದಕ್ಕಿಲ್ಲ. ಲಿನಕ್ಸ್ ಗಣಕಗಳಲ್ಲಿ ಎಲ್ಲೆಡೆ ಇರುವ ಗ್ನೂ ಯೋಜನೆಯ ಸಿ ಗ್ರಂಥಾಲಯವನ್ನು ಬಿಟ್ಟು ಬಯೋನಿಕ್ ಎಂಬ ಬೇರೆ ಗ್ರಂಥಾಲಯವನ್ನೇ ಕಟ್ಟಿಕೊಂಡರು. ಫೋನು ತಯಾರಕರಿಗೆ ಇದು ಹಿತವಾಗಿತ್ತು. ತಮ್ಮ ಅಲಂಕಾರಗಳನ್ನು ಗುಟ್ಟಾಗಿ ಇಟ್ಟುಕೊಳ್ಳಬಹುದು. ಮುಂದೆ ಗೂಗಲ್ಲಿಗೂ ಇದೇ ಹಿತವಾಯಿತು.

ಇದರಿಂದ ನಮಗೆ ಒಳಿತಾಗಿಲ್ಲವೇ? ಆಗಿದೆ, ಬಹಳ ಆಗಿದೆ. ಪರವಾನಗಿ ಶುಲ್ಕವಿಲ್ಲದ ವ್ಯವಸ್ಥೆ ಸಿಕ್ಕಿದ್ದರಿಂದಲೇ ಸಾಮಾನ್ಯರ ಕೈಗೆಟುಕುವ ಬೆಲೆಯ ಸ್ಮಾರ್ಟ್‌ಫೋನು ಸಾಧ್ಯವಾಯಿತು. ಕನ್ನಡಕ್ಕೇ ಆದ ಉಪಕಾರವನ್ನು ಹೇಳದಿದ್ದರೆ ತಪ್ಪಾದೀತು. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಪುಟ ತೆರೆದರೆ ಕಾಣುತ್ತಿದ್ದದ್ದು ಸಾಲು ಸಾಲು ಚೌಕಗಳು. ಒಪೆರಾ ಮಿನಿ ಎಂಬ ಬ್ರೌಸರಿನ ಗುಪ್ತ ಪುಟವೊಂದಕ್ಕೆ ಹೋಗಿ, ಕ್ಲಿಷ್ಟ ಲಿಪಿಗಳನ್ನು ಚಿತ್ರದ ರೂಪದಲ್ಲಿ ತೋರಿಸು ಎಂದು ಆಜ್ಞೆ ಕೊಟ್ಟು ನಮ್ಮ ಪತ್ರಿಕೆಗಳನ್ನು ಓದಿದ ದಿನಗಳು ಕೆಲವರಿಗಾದರೂ ನೆನಪಿರಬಹುದು. 2012ರ ಜುಲೈನಲ್ಲಿ ಬಂದ 4.1ನೆಯ ಆವೃತ್ತಿ ಕನ್ನಡ, ತೆಲುಗು, ಮಲಯಾಳಂಗಳನ್ನು ವ್ಯವಸ್ಥೆಯೊಳಗೇ ಸೇರಿಸಿಕೊಂಡಿತು. ಒತ್ತಕ್ಷರ ಎಲ್ಲಿ ಕೂರಬೇಕು, ಉಚ್ಚಾರದಲ್ಲಿ ಮೊದಲು ಬಂದರೂ ಬರಹದಲ್ಲಿ ಅರ್ಕಾವತ್ತು ಏಕೆ ಕೊನೆಗೆ ನಿಲ್ಲಬೇಕು ಎಂಬುದನ್ನು ಫೋನಿಗೆ ತಿಳಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವಿದೆ. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಅವರ ಮುಂದಾಳತ್ವದಲ್ಲಿ ಬೆಳೆದ ಅದು ಸ್ವತಂತ್ರ ತಂತ್ರಾಂಶ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್ ಎಲ್ಲವೂ ಅದನ್ನೇ ನಂಬಿವೆ. ಒಂದು ಕಡೆ ಸರಿಪಡಿಸಿದ ಕನ್ನಡದ ತಪ್ಪು ಎಲ್ಲ ಕಡೆ ಸರಿಯಾಗುತ್ತದೆ. ಗೋಮಾಳವೆಂದರೆ ಇದು.

ಇರಲಿ. 2010ರ ಅಕ್ಟೋಬರ್‌ನಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಆಂಡ್ರಾಯ್ಡಿನ ಮುಕ್ತತೆಯನ್ನು ಲೇವಡಿ ಮಾಡಿದಾಗ ರೂಬಿನ್ ಟ್ವಿಟರಿನಲ್ಲಿ ಒಂದೇ ಸಾಲಿನ ಉತ್ತರ ಕೊಟ್ಟರು. ಮುಕ್ತ ಎಂಬುದರ ವ್ಯಾಖ್ಯೆ ಇದು ಎಂದು ಹೇಳಿ, ಆಂಡ್ರಾಯ್ಡಿನ ಆಕರ ಸಂಕೇತವನ್ನು ನಮ್ಮ ಗಣಕಕ್ಕೆ ಇಳಿಸಿಕೊಳ್ಳುವ ಆದೇಶಗಳನ್ನು ಬರೆದರು. ಜಾಣ ಉತ್ತರ. ನಾಲ್ಕೇ ತಿಂಗಳಲ್ಲಿ, 2011ರ ಫೆಬ್ರುವರಿಯಲ್ಲಿ, ಟ್ಯಾಬ್ಲೆಟ್‌ಗಳಿಗೆಂದು ಹನಿಕೋಂಬ್ ಎಂಬ 3.0 ಆವೃತ್ತಿ ಬಂತು. ಅದರ ಆಕರ ಸಂಕೇತವನ್ನು ಮಾತ್ರ ಗೂಗಲ್ ಬಿಡುಗಡೆ ಮಾಡಲಿಲ್ಲ. ಅದಿನ್ನೂ ಫೋನುಗಳಿಗೆ ಸಿದ್ಧವಾಗಿಲ್ಲ ಎಂದಿತು. ರೂಬಿನ್ ಕೊಟ್ಟ ಆದೇಶಗಳನ್ನು ಒತ್ತಿದವರಿಗೆ ಸಿಕ್ಕಿದ್ದು ಹಳೆಯದು. ಹೊಸದು ಸಿಕ್ಕಿದ್ದು ಮುಂದಿನ 4.0 ಆವೃತ್ತಿಯೊಂದಿಗೆ, ಆ ವರ್ಷದ ನವೆಂಬರ್‌ನಲ್ಲಿ.

ಇದಕ್ಕೂ ಮೊದಲೇ, 2009ರಲ್ಲಿ, ಒಂದು ಸಣ್ಣ ಪ್ರಸಂಗ ನಡೆದಿತ್ತು. ಸ್ಟೀವ್ ಕಾಂಡಿಕ್ ಎಂಬ ತಂತ್ರಜ್ಞ ಆಂಡ್ರಾಯ್ಡನ್ನು ತಿದ್ದಿ ಸಯನೋಜೆನ್‌ಮಾಡ್ ಎಂಬ ಆವೃತ್ತಿಯನ್ನು ಹವ್ಯಾಸಿಗಳಿಗೆ ಹಂಚುತ್ತಿದ್ದರು. ಆ ಸೆಪ್ಟೆಂಬರ್‌ನಲ್ಲಿ ಗೂಗಲ್ಲಿನ ಕಾನೂನು ವಿಭಾಗದಿಂದ ಪತ್ರ ಬಂತು. ಆಂಡ್ರಾಯ್ಡ್ ಹಂಚಿ, ಅಡ್ಡಿಯಿಲ್ಲ. ಆದರೆ ಜಿಮೇಲ್, ಯೂಟ್ಯೂಬ್, ಆ್ಯಪ್ ಮಾರುಕಟ್ಟೆ ಇವು ನಮ್ಮ ಖಾಸಗಿ ತಂತ್ರಾಂಶಗಳು, ಅವನ್ನು ಹಂಚುವಂತಿಲ್ಲ. ಕಾನೂನಿನ ಪ್ರಕಾರ ಗೂಗಲ್ ಹೇಳಿದ್ದು ಸರಿ. ಆದರೆ ಆಂಡ್ರಾಯ್ಡ್ ಎಂದರೆ ಎರಡು ವಸ್ತುಗಳು, ತೆರೆದದ್ದು ಒಂದು, ಮುಚ್ಚಿದ್ದು ಇನ್ನೊಂದು ಎಂಬುದು ಸಾರ್ವಜನಿಕರಿಗೆ ಕಂಡದ್ದು ಆಗ. ಮುಂದಿನ ವರ್ಷಗಳಲ್ಲಿ ಆದದ್ದೆಲ್ಲ ಈ ಎರಡರ ಪ್ರಮಾಣ ಬದಲಾದದ್ದು.

ಬದಲಾದ ರೀತಿ ನಯವಾಗಿತ್ತು. ಮುಕ್ತ ಆಂಡ್ರಾಯ್ಡಿನಲ್ಲಿ ಹುಡುಕಾಟ, ಸಂಗೀತ, ಕ್ಯಾಲೆಂಡರ್, ಕೀಲಿಮಣೆ, ಕ್ಯಾಮೆರಾ ಎಲ್ಲಕ್ಕೂ ಸ್ವತಂತ್ರ ಆ್ಯಪ್‌ಗಳಿದ್ದವು. ಗೂಗಲ್ ಒಂದೊಂದಕ್ಕೂ ತನ್ನ ಹೆಸರಿನ ಖಾಸಗಿ ಆವೃತ್ತಿಯನ್ನು ತಂದಿತು. ಹೊಸ ಅನುಕೂಲಗಳೆಲ್ಲ ಅದಕ್ಕೆ; ಹಳೆಯದನ್ನು ಅಳಿಸಲಿಲ್ಲ, ಆರೈಕೆ ಮಾಡಲಿಲ್ಲ ಅಷ್ಟೇ. 2012ರಲ್ಲಿ ಪ್ಲೇ ಸರ್ವಿಸಸ್ ಎಂಬುದು ಬಂತು. ಇದು ಪರದೆಯ ಮೇಲೆ ಕಾಣುವ ಆ್ಯಪ್ ಅಲ್ಲ, ಹಿನ್ನೆಲೆಯಲ್ಲಿ ಕೂತು ಬೇರೆ ಆ್ಯಪ್‌ಗಳಿಗೆ ಸೇವೆ ಒದಗಿಸುವ ಖಾಸಗಿ ತಂತ್ರಾಂಶ. ನಕ್ಷೆ ಬೇಕೆ, ಫೋನು ಎಲ್ಲಿದೆಯೆಂದು ತಿಳಿಯಬೇಕೆ, ಸಂದೇಶ ಬಂದಾಗ ಗಂಟೆ ಬಾರಿಸಬೇಕೆ, ಎಲ್ಲಕ್ಕೂ ಆ್ಯಪ್ ಬರೆಯುವವರು ಇದನ್ನೇ ಕೇಳಿಕೊಳ್ಳುವುದು ಸುಲಭವಾಯಿತು. ತಯಾರಕರು ಹೊಸ ಆವೃತ್ತಿ ಕೊಡದ ಹಳೆಯ ಫೋನುಗಳಿಗೂ ಹೊಸ ಸೌಲಭ್ಯ ತಲುಪಿಸಬಹುದು ಎಂಬುದು ಗೂಗಲ್ ಕೊಟ್ಟ ಕಾರಣ. ಸುಳ್ಳಲ್ಲ. ಆದರೆ ಪರಿಣಾಮ ನೋಡಿ. ಆಂಡ್ರಾಯ್ಡಿನ ಆಕರ ಸಂಕೇತವನ್ನಷ್ಟೇ ತೆಗೆದುಕೊಂಡು ಯಾರಾದರೂ ಫೋನು ಮಾಡಿದರೆ ಅದರಲ್ಲಿ ಅರ್ಧಕ್ಕರ್ಧ ಜನಪ್ರಿಯ ಆ್ಯಪ್‌ಗಳು ಮುಗ್ಗರಿಸುತ್ತವೆ. ಗೋಮಾಳ ಹಾಗೆಯೇ ಇದೆ. ಬಾವಿಯನ್ನು ಮಾತ್ರ ಪಕ್ಕದ ಹೊಲಕ್ಕೆ ಸ್ಥಳಾಂತರಿಸಲಾಗಿದೆ.

ಒಪ್ಪಂದಗಳ ಬೇಲಿ

ತಯಾರಕರನ್ನು ಕಟ್ಟಿಹಾಕಿದ್ದು ಮಾತ್ರ ತಂತ್ರಾಂಶವಲ್ಲ, ಕಾಗದ. ಗೂಗಲ್ ಪ್ಲೇ ಅಂಗಡಿ ಬೇಕೆಂದರೆ ಫೋನು ಕಂಪನಿ ಒಂದು ಒಪ್ಪಂದಕ್ಕೆ ರುಜು ಹಾಕಬೇಕು; ಆಗ ಗೂಗಲ್ಲಿನ ಆ್ಯಪ್‌ಗಳ ಇಡೀ ಕಟ್ಟನ್ನೇ ಹೊತ್ತುಕೊಳ್ಳಬೇಕು. ಜೊತೆಗೆ ಇನ್ನೊಂದು ಒಪ್ಪಂದ: ಗೂಗಲ್ ಒಪ್ಪದ ಬೇರೆ ಬಗೆಯ ಆಂಡ್ರಾಯ್ಡ್ ಇರುವ ಒಂದೇ ಒಂದು ಸಾಧನವನ್ನೂ ನೀವು ಮಾರಬಾರದು. ಒಂದು ಮಾದರಿಯಲ್ಲಿ ಬೇರೆಯದನ್ನು ಪ್ರಯೋಗಿಸಿದರೆ ಉಳಿದೆಲ್ಲ ಮಾದರಿಗಳಿಗೂ ಪ್ಲೇ ಅಂಗಡಿ ತಪ್ಪುವ ಭಯ. ಆಂಡ್ರಾಯ್ಡ್ ಚೂರುಚೂರಾಗಿ ಒಡೆದು, ಒಂದರಲ್ಲಿ ಓಡುವ ಆ್ಯಪ್ ಇನ್ನೊಂದರಲ್ಲಿ ಓಡದಂತಾಗಬಾರದು ಎಂಬುದು ಇದಕ್ಕೆ ಕೊಟ್ಟ ಸಮರ್ಥನೆ.

2012ರ ಸೆಪ್ಟೆಂಬರ್‌ನಲ್ಲಿ ತೈವಾನಿನ ಏಸರ್ ಕಂಪನಿ ಚೀನಾದ ಅಲಿಬಾಬಾ ಬಳಗದ ಅಲಿಯುನ್ ವ್ಯವಸ್ಥೆಯಿರುವ ಫೋನನ್ನು ಶಾಂಘೈನಲ್ಲಿ ಬಿಡುಗಡೆ ಮಾಡಬೇಕಿತ್ತು. ಸಮಾರಂಭ ಕೊನೆಯ ಗಳಿಗೆಯಲ್ಲಿ ರದ್ದಾಯಿತು. ಅಲಿಯುನ್ ಎಂಬುದು ಆಂಡ್ರಾಯ್ಡಿಗೆ ಹೊಂದದ ಕವಲು, ಒಕ್ಕೂಟದ ಸದಸ್ಯರು ಅಂಥದ್ದನ್ನು ಮಾರುವಂತಿಲ್ಲ ಎಂದು ಗೂಗಲ್ ಬಹಿರಂಗವಾಗಿಯೇ ಹೇಳಿತು. 2010ರಲ್ಲಿ ಸ್ಕೈಹುಕ್ ಎಂಬ ಕಂಪನಿ ಹೂಡಿದ ಮೊಕದ್ದಮೆಯಲ್ಲಿ ಹೊರಬಿದ್ದ ಇ-ಮೇಲ್ ಒಂದರಲ್ಲಂತೂ ಗೂಗಲ್ಲಿನ ಉದ್ಯೋಗಿಯೊಬ್ಬರು, ಹೊಂದಾಣಿಕೆ ಎಂಬುದನ್ನು ನಾವು ದೊಣ್ಣೆಯಂತೆ ಬಳಸಿ ತಯಾರಕರಿಂದ ಬೇಕಾದ್ದನ್ನು ಮಾಡಿಸಿಕೊಳ್ಳುತ್ತಿದ್ದೇವೆ ಎಂಬುದು ಅವರಿಗೆಲ್ಲ ಗೊತ್ತಾಗುತ್ತಿದೆ ಎಂಬರ್ಥದ ಮಾತನ್ನು ಬರೆದಿದ್ದರು. ದೊಣ್ಣೆ ಎಂಬ ಪದ ನನ್ನದಲ್ಲ, ಅವರದೇ.

ಯೂರೋಪಿನ ಆಯೋಗ ಇದನ್ನೆಲ್ಲ ವಿಚಾರಣೆ ಮಾಡಿ 2018ರ ಜುಲೈ 18ರಂದು 434 ಕೋಟಿ ಯೂರೋ ದಂಡ ಹಾಕಿತು. 2022ರಲ್ಲಿ ಅಲ್ಲಿಯ ನ್ಯಾಯಾಲಯ ತೀರ್ಪಿನ ಬಹುಪಾಲನ್ನು ಎತ್ತಿಹಿಡಿದು ದಂಡವನ್ನು 412.5 ಕೋಟಿಗೆ ಇಳಿಸಿತು. ದಕ್ಷಿಣ ಕೊರಿಯಾ 2021ರಲ್ಲಿ ಬೇರೆ ದಂಡ ಹಾಕಿತು. ನಮ್ಮ ದೇಶದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು 1,337.76 ಕೋಟಿ ರೂಪಾಯಿ ದಂಡ ವಿಧಿಸಿ, ಕಟ್ಟುಕಟ್ಟಾಗಿ ಆ್ಯಪ್ ಹೊರಿಸುವುದನ್ನು, ಕವಲುಗಳನ್ನು ತಡೆಯುವುದನ್ನು ನಿಲ್ಲಿಸಲು ಆಜ್ಞಾಪಿಸಿತು. ಸರ್ವೋಚ್ಚ ನ್ಯಾಯಾಲಯ ತಡೆ ಕೊಡದಿದ್ದಾಗ, 2023ರ ಜನವರಿಯಲ್ಲಿ, ಭಾರತದಲ್ಲಿ ತಯಾರಕರು ಬೇಕಾದ ಆ್ಯಪ್‌ಗಳನ್ನಷ್ಟೇ ಆರಿಸಿಕೊಳ್ಳಬಹುದೆಂದು ಗೂಗಲ್ ಪ್ರಕಟಿಸಿತು. ಮೇಲ್ಮನವಿ ನ್ಯಾಯಮಂಡಳಿ ಆ ಮಾರ್ಚ್ 29ರಂದು ದಂಡವನ್ನು ಉಳಿಸಿತು, ಆಯೋಗದ ನಾಲ್ಕು ನಿರ್ದೇಶನಗಳನ್ನು ಮಾತ್ರ ಬದಿಗೊತ್ತಿತು. ಪ್ಲೇ ಅಂಗಡಿಯ ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವುದಕ್ಕೆ ಅಡ್ಡಿ ಮಾಡಬಾರದು ಎಂಬುದು ಹಾಗೆ ಬದಿಗೆ ಸರಿದವುಗಳಲ್ಲಿ ಒಂದು. ಅಂದು ಪತ್ರಿಕೆಗಳ ತಲೆಬರಹದಲ್ಲಿ ದಂಡದ ಮೊತ್ತವೇ ರಾರಾಜಿಸಿತು. ಈ ನಾಲ್ಕರ ಗೊಡವೆಗೆ ಹೆಚ್ಚು ಜನ ಹೋಗಲಿಲ್ಲ.

ಬೇರೆ ದಾರಿಗಳಿರಲಿಲ್ಲವೇ ಎಂದು ಕೇಳಬಹುದು. ಇದ್ದವು. ಅವುಗಳಲ್ಲಿ ಒಂದರ ಕಥೆ ಭಾರತಕ್ಕೆ ನೇರವಾಗಿ ಸೇರಿದ್ದು. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಝಿಲ್ಲಾ ಸಂಸ್ಥೆ 2013ರಲ್ಲಿ ಫೈರ್‌ಫಾಕ್ಸ್ ಓಎಸ್ ಎಂಬ ಮುಕ್ತ ವ್ಯವಸ್ಥೆಯ ಫೋನುಗಳನ್ನು ಮಾರುಕಟ್ಟೆಗೆ ತಂದಿತು. 2014ರ ಆಗಸ್ಟ್‌ನಲ್ಲಿ ಇಂಟೆಕ್ಸ್ ಕಂಪನಿ ಅಂಥ ಫೋನನ್ನು ನಮ್ಮಲ್ಲಿ 1,999 ರೂಪಾಯಿಗೆ ಮಾರಿತು. ಅಗ್ಗ, ಆದರೆ ಬಹಳ ನಿಧಾನ. ಜನಕ್ಕೆ ಬೇಕಾದ ಆ್ಯಪ್‌ಗಳೂ ಇರಲಿಲ್ಲ. 2015ರ ಕೊನೆಗೆ ಮೊಝಿಲ್ಲಾ ಫೋನಿನ ಸಾಹಸದಿಂದ ಹಿಂದೆ ಸರಿಯಿತು. ಆಕರ ಸಂಕೇತ ಮುಕ್ತವಾಗಿದ್ದರಿಂದ ಅದು ಸಾಯಲಿಲ್ಲ. ಕಾಯ್‌ಓಎಸ್ ಎಂಬ ಕಂಪನಿ ಅದನ್ನೇ ಎತ್ತಿಕೊಂಡು ಗುಂಡಿಗಳಿರುವ ಫೋನಿಗೆ ಒಗ್ಗಿಸಿತು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಸಿಗುತ್ತದೆಂದು ಘೋಷಣೆಯಾದ ಜಿಯೋಫೋನ್ ನೆನಪಿದೆಯಲ್ಲ? ಅದರೊಳಗಿದ್ದದ್ದು ಇದೇ. ಸ್ವತಂತ್ರ ತಂತ್ರಾಂಶದ ವಂಶದ ಕುಡಿಯೊಂದು ಹೀಗೆ ನಮ್ಮ ಹಳ್ಳಿಹಳ್ಳಿಗೆ ಹೋಯಿತು. ಆದರೆ ಬೀಗ ಹಾಕಿಸಿಕೊಂಡು ಹೋಯಿತು. ಸಿಮ್ ಜಿಯೋದ್ದೇ, ಆ್ಯಪ್ ಅಂಗಡಿ ಜಿಯೋದ್ದೇ. 2018ರಲ್ಲಿ ಗೂಗಲ್ ಕಾಯ್‌ಓಎಸ್‌ನಲ್ಲಿ 2.2 ಕೋಟಿ ಡಾಲರ್ ತೊಡಗಿಸಿತು. 2020ರಲ್ಲಿ ಜಿಯೋ ಪ್ಲಾಟ್‌ಫಾರ್ಮ್ಸ್‌ನಲ್ಲಿ 33,737 ಕೋಟಿ ರೂಪಾಯಿ ಹಾಕಿ ಶೇಕಡ 7.73ರ ಪಾಲು ಪಡೆಯಿತು. 2021ರಲ್ಲಿ ಬಂದ ಜಿಯೋಫೋನ್ ನೆಕ್ಸ್ಟ್‌ನಲ್ಲಿ ಆಂಡ್ರಾಯ್ಡ್ ಇತ್ತು.

ಎರಡು ಫೋನುಗಳು

ಈಗ ನನ್ನ ಪರಿಚಿತರೊಬ್ಬರ ಪ್ರಸಂಗ. ಮೈಸೂರಿನಲ್ಲಿರುವ ನಿವೃತ್ತ ಅಧ್ಯಾಪಕರು. ಅವರ ಆರು ವರ್ಷದ ಫೋನಿಗೆ ಕಂಪನಿ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಯಂತ್ರವೇನೋ ಗಟ್ಟಿಮುಟ್ಟು. ಅವರ ಅಕ್ಕನ ಮಗ, ಎಂಜಿನಿಯರ್, ಒಂದು ಭಾನುವಾರ ಬಂದು ಅದರ ಬೀಗ ಬಿಚ್ಚಿ ಲಿನಿಯೇಜ್‌ಓಎಸ್ ಹಾಕಿಕೊಟ್ಟ. ಸಯನೋಜೆನ್‌ಮಾಡ್ ವಾಣಿಜ್ಯ ಕಂಪನಿಯಾಗಿ 2016ರ ಕೊನೆಗೆ ಮುಚ್ಚಿಹೋದಾಗ ಹವ್ಯಾಸಿಗಳು ಮುಂದುವರಿಸಿದ ವ್ಯವಸ್ಥೆ ಅದು. ಫೋನಿಗೆ ಮರುಜನ್ಮ ಬಂದಂತಾಯಿತು. ತಾಜಾ ಆಂಡ್ರಾಯ್ಡ್, ತಾಜಾ ಸುರಕ್ಷಾ ತೇಪೆಗಳು, ಬ್ಯಾಟರಿ ಕೂಡ ಹೆಚ್ಚು ಹೊತ್ತು ಬರತೊಡಗಿತು. ಸೋಮವಾರ ಬೆಳಿಗ್ಗೆ ಹಾಲಿನವನಿಗೆ ದುಡ್ಡು ಕಳಿಸಲು ಹೋದರೆ ಬ್ಯಾಂಕಿನ ಆ್ಯಪ್ ಹೇಳಿತು: ಈ ಸಾಧನ ಸುರಕ್ಷಿತವಲ್ಲ. ಹೇಳಿ ಮುಚ್ಚಿಕೊಂಡಿತು.

ಶನಿವಾರದವರೆಗೆ, ವರ್ಷಗಟ್ಟಲೆ ತೇಪೆಯಿಲ್ಲದ ಹಳೆಯ ವ್ಯವಸ್ಥೆಯಿದ್ದಾಗ, ಅದೇ ಆ್ಯಪ್ ತಕರಾರಿಲ್ಲದೆ ನಡೆಯುತ್ತಿತ್ತು.

ಇದು ಹೇಗೆ? ಬ್ಯಾಂಕಿನ ಆ್ಯಪ್ ಗೂಗಲ್ಲಿನ ಸೇವೆಯೊಂದನ್ನು ಕೇಳುತ್ತದೆ, ಈ ಫೋನು ನಂಬಲರ್ಹವೇ ಎಂದು. ಮೊದಲು ಸೇಫ್ಟಿನೆಟ್ ಎಂಬ ಹೆಸರಿನಲ್ಲಿದ್ದ ಈ ಪರೀಕ್ಷೆ ಈಗ ಪ್ಲೇ ಇಂಟೆಗ್ರಿಟಿ ಎನಿಸಿದೆ. ಅದು ಮುಖ್ಯವಾಗಿ ನೋಡುವುದು ಗೂಗಲ್ ಪ್ರಮಾಣೀಕರಿಸಿದ ವ್ಯವಸ್ಥೆ ಇದೆಯೇ, ಕಾರ್ಖಾನೆಯ ಬೀಗ ಬಿಗಿಯಾಗಿದೆಯೇ ಎಂದು. ಬ್ಯಾಂಕುಗಳನ್ನು ಪೂರ್ತಿ ದೂರುವಂತಿಲ್ಲ. ವಂಚನೆಯ ಸುದ್ದಿಯಿಲ್ಲದ ದಿನವಿಲ್ಲದಿರುವಾಗ ಅವು ಸುಲಭದ ಹಾದಿ ಹಿಡಿಯುತ್ತವೆ. ಆದರೆ ಸುರಕ್ಷಿತ ಎಂದರೆ ಗೂಗಲ್ ಒಪ್ಪಿದ್ದು ಎಂದೇ ಅರ್ಥವಾದಾಗ, ಆಕರ ಸಂಕೇತ ಕೈಯಲ್ಲಿದ್ದು ಫಲವೇನು? ಟೀವೋ ಪೆಟ್ಟಿಗೆ ತಿದ್ದಿದ ತಂತ್ರಾಂಶವನ್ನು ಓಡಿಸುತ್ತಿರಲಿಲ್ಲ. ಈ ಫೋನು ಓಡಿಸುತ್ತದೆ. ಅಂಗಡಿ, ಬ್ಯಾಂಕು, ಬಸ್ಸಿನ ಟಿಕೆಟು ಇರುವ ಊರಿನಿಂದ ಮಾತ್ರ ಅದನ್ನು ಹೊರಗಿಡಲಾಗುತ್ತದೆ. ಅಧ್ಯಾಪಕರ ಬಳಿ ಈಗ ಎರಡು ಫೋನುಗಳಿವೆ. ಹೊಸದನ್ನು ಹಣ ಕಳಿಸಲು ಮಾತ್ರ ತೆಗೆಯುತ್ತಾರೆ.

2025 ಈ ಇತಿಹಾಸದಲ್ಲಿ ದೊಡ್ಡ ವರ್ಷ. ಮಾರ್ಚ್‌ನಲ್ಲಿ ಗೂಗಲ್, ಇನ್ನು ಮುಂದೆ ಆಂಡ್ರಾಯ್ಡಿನ ಎಲ್ಲ ಕೆಲಸವೂ ತನ್ನ ಕಚೇರಿಯ ಒಳಗಿನ ಶಾಖೆಯಲ್ಲೇ ನಡೆಯುತ್ತದೆ, ಮುಗಿದ ಮೇಲೆ ಆಕರ ಸಂಕೇತ ಹೊರಬರುತ್ತದೆ ಎಂದು ತಿಳಿಸಿತು. ಜೂನ್‌ನಲ್ಲಿ ಬಂದ 16ನೆಯ ಆವೃತ್ತಿಯ ಆಕರ ಸಂಕೇತದಲ್ಲಿ ಗೂಗಲ್ಲಿನದೇ ಪಿಕ್ಸೆಲ್ ಫೋನುಗಳಿಗೆ ಬೇಕಾದ ಕಡತಗಳು ಇರಲಿಲ್ಲ. ಹವ್ಯಾಸಿಗಳು ಹೊಸ ವ್ಯವಸ್ಥೆ ಕಟ್ಟುವಾಗ ಅಲ್ಲಿಯವರೆಗೆ ಮಾದರಿಯಾಗಿ ಇಟ್ಟುಕೊಳ್ಳುತ್ತಿದ್ದದ್ದು ಅವನ್ನೇ.

ಆಗಸ್ಟ್‌ನಲ್ಲಿ ಬಂದ ಪ್ರಕಟಣೆ ಇದಕ್ಕಿಂತ ದೂರ ಹೋಯಿತು. ಪ್ರಮಾಣೀಕೃತ ಆಂಡ್ರಾಯ್ಡ್ ಫೋನಿನಲ್ಲಿ, ಪ್ಲೇ ಅಂಗಡಿಯಿಂದಲ್ಲದೆ ಬೇರೆಲ್ಲಿಂದ ತಂದರೂ, ಆ್ಯಪ್ ಹಾಕಿಕೊಳ್ಳಬೇಕಾದರೆ ಅದನ್ನು ಬರೆದವರು ಗೂಗಲ್ಲಿನ ಬಳಿ ತಮ್ಮ ಗುರುತನ್ನು ನೋಂದಾಯಿಸಿರಬೇಕು ಎಂಬ ನಿಯಮ ಅದು. ಪ್ಲೇ ಅಂಗಡಿಗಿಂತ ಹೊರಗಿನ ಮೂಲಗಳಲ್ಲಿ 50 ಪಟ್ಟು ಹೆಚ್ಚು ದುಷ್ಟ ತಂತ್ರಾಂಶ ಕಂಡಿದ್ದೇವೆ ಎಂಬುದು ಗೂಗಲ್ ಕೊಟ್ಟ ಕಾರಣ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಡತವೊಂದನ್ನು ಒತ್ತಿ ಖಾತೆಯ ಹಣ ಕಳೆದುಕೊಂಡವರಿರುವ ನಮ್ಮ ದೇಶದಲ್ಲಿ ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ 2010ರಿಂದ ನಡೆದುಬಂದಿರುವ ಎಫ್-ಡ್ರಾಯ್ಡ್ ಎಂಬ ಭಂಡಾರವಿದೆ. ಅಲ್ಲಿರುವುದೆಲ್ಲ ಸ್ವತಂತ್ರ ತಂತ್ರಾಂಶ. ಆಕರ ಸಂಕೇತವನ್ನು ಎದುರಿಗಿಟ್ಟುಕೊಂಡು ಅವರೇ ಕಟ್ಟುತ್ತಾರೆ. ಬಹುಪಾಲಿಗೆ ಅವರದೇ ರುಜು. ಲೋಕದ ಮೂಲೆ ಮೂಲೆಯಲ್ಲಿ ಬಿಡುವಿನ ವೇಳೆಯಲ್ಲಿ ಆ್ಯಪ್ ಬರೆದವರನ್ನೆಲ್ಲ ಗೂಗಲ್ಲಿನ ಬಳಿ ನೋಂದಾಯಿಸಿ ಎಂದು ನಾವು ಬಲವಂತ ಮಾಡಲಾರೆವು, ಅವರ ಪರವಾಗಿ ನಾವೇ ಹಕ್ಕು ಸ್ಥಾಪಿಸಲೂ ಆರೆವು, ಈ ನಿಯಮ ಬಂದರೆ ನಮ್ಮ ಭಂಡಾರ ಈಗಿನ ರೂಪದಲ್ಲಿ ಉಳಿಯುವುದಿಲ್ಲ ಎಂದು ಅವರು ಸೆಪ್ಟೆಂಬರ್‌ನಲ್ಲಿ ಹೇಳಿದರು. ಗದ್ದಲ ಎದ್ದ ಮೇಲೆ ನವೆಂಬರ್‌ನಲ್ಲಿ ಗೂಗಲ್ ಸ್ವಲ್ಪ ಸಡಿಲಿಸಿತು. ಅಪಾಯವನ್ನು ಅರಿತ ಅನುಭವಿಗಳಿಗೆಂದು, ಎಚ್ಚರಿಕೆಗಳನ್ನು ದಾಟಿ ಹೋಗುವ ಬೇರೊಂದು ದಾರಿ ಮಾಡಿಕೊಡುವುದಾಗಿ ತಿಳಿಸಿತು.

ಪ್ರಕಟಣೆಯ ಪ್ರಕಾರ ನಿಯಮ ಮೊದಲು ಜಾರಿಗೆ ಬರುವುದು ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ, 2026ರ ಸೆಪ್ಟೆಂಬರ್‌ನಿಂದ. ಉಳಿದ ದೇಶಗಳಿಗೆ 2027ರಿಂದ ಮುಂದೆ. ಭಾರತ ಆ ಉಳಿದ ದೇಶಗಳಲ್ಲಿ ಸೇರಿದೆ.